ಸೇಡಿಗೆ ಬೇಡಿದ ಕೂಸು

ನನ್ನ ಅತ್ತೆಗೆ ಬಸುರಿಯರ ಕೈ ನೋಡುವ ಚಟ. ಹಸ್ತರೇಖೆ ಓದುವುದಲ್ಲ. "ಕೈ ತೋರ್ಸು" ಎನ್ನುತ್ತಾಳೆ, ಅಷ್ಟೇ. ಎದುರಿಗಿದ್ದವಳು ಅಂಗೈ ಮೇಲೆ ಮಾಡಿ ಹಿಡಿದರೆ ಹೆಣ್ಣು, ಮುಂಗೈ ಹಿಡಿದರೆ ಗಂಡು. ಅದಕ್ಕೆ ಇನ್ನಷ್ಟು ತಾಳೆ ಹಾಕುತ್ತಾಳೆ: ಹುಳಿ ಬೇಕೆನಿಸುತ್ತದೋ ಸಿಹಿಯೋ, ಹೊಸ್ತಿಲು ದಾಟುವಾಗ ಯಾವ ಕಾಲು ಮುಂದೆ ಬಂತು, ಮುಖ ಬಾಡಿದೆಯೋ ಇಲ್ಲವೋ. ತೆಲುಗು ಸೀಮೆಯ ಲಿಂಗಂಪಲ್ಲಿಯ ನಮ್ಮ ಕಾಲೊನಿಯಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಹತ್ತಾರು ಮನೆಗಳಿವೆ. ಸೊಸೆಗೆ ಎರಡು ತಿಂಗಳು ತುಂಬಿತೆಂದರೆ ಸಾಕು, ಭಾನುವಾರ ಬೆಳಿಗ್ಗೆ ಕರೆದುಕೊಂಡು ನಮ್ಮನೆಗೆ ಬರುತ್ತಾರೆ. ಅತ್ತೆ ಹೇಳಿದ್ದು ನಿಜವಾದರೆ ಅದನ್ನು ಮನೆಮನೆಗೆ ಹೋಗಿ ನೆನಪಿಸುತ್ತಾಳೆ. ಸುಳ್ಳಾದರೆ ತಾನು ಹಾಗೆ ಹೇಳಿದ್ದೇ ಆಕೆಗೆ ನೆನಪಿರುವುದಿಲ್ಲ.

ಅತ್ತೆಯನ್ನು ಬಹುವಚನದಲ್ಲಿ ಬರೆಯಬೇಕೆಂದು ನನಗೂ ಗೊತ್ತು. ಎದುರಿಗೆ "ರಿ" ಹಚ್ಚಿಯೇ ಮಾತಾಡುತ್ತೇನೆ, ಹದಿಮೂರು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಇಲ್ಲಿ ಬರೆಯುವಾಗ ಮಾತ್ರ ಹಚ್ಚುವುದಿಲ್ಲ.

ಮೊದಲ ಸಲ ಬಸುರಾದಾಗ ನನಗೆ ಮೂರನೆಯ ತಿಂಗಳು. ರೊಟ್ಟಿಗೆ ಹಿಟ್ಟು ಕಲಸುತ್ತಿದ್ದೆ. ಅತ್ತೆ ಅಡುಗೆಮನೆಗೆ ಬಂದು "ಕೈ ತೋರ್ಸು" ಎಂದಳು. ಹಿಟ್ಟು ಹತ್ತಿದ ಕೈಯನ್ನು ಯಾರಾದರೂ ಹೇಗೆ ತೋರಿಸುತ್ತಾರೆ? ಅಂಗೈ ಮೇಲೆ ಮಾಡಿ ಹಿಡಿದೆ. "ಹೆಣ್ಣು" ಎಂದವಳೇ ಹೊರಗೆ ಹೋಗಿ ಟಿವಿ ಹಾಕಿಕೊಂಡಳು. ನನ್ನ ಬಸಿರಿನ ವಿಚಾರಣೆ ಅಲ್ಲಿಗೆ ಮುಗಿಯಿತು. ಆ ದಿನದಿಂದ ಏನು ತಿಂದೆ, ಏನು ಬಿಟ್ಟೆ ಎಂದು ಆಕೆ ಕೇಳಲಿಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ನಡೆದದ್ದು ಏಳನೆಯ ತಿಂಗಳಲ್ಲಿ. ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮುತ್ತೈದೆಯರೆಲ್ಲ ಸೇರಿ ಉಡಿ ತುಂಬುತ್ತಾರೆ. ಮೊದಲು ಗಂಡನ ಮನೆಯಲ್ಲಿ ಆಗಬೇಕು, ತವರಿನದು ಆಮೇಲೆಯೇ. ನನ್ನ ತಾಯಿ ಫೋನಿನಲ್ಲಿ ದಿನ ಗೊತ್ತು ಮಾಡಿಕೊಂಡು ವಿಜಯಪುರದಿಂದ ರೈಲಿನಲ್ಲಿ ಬಂದಳು. ಒಂದು ಚೀಲದಲ್ಲಿ ಕರ್ಚಿಕಾಯಿ, ಎಳ್ಳುಹೋಳಿಗೆ, ಇನ್ನೊಂದರಲ್ಲಿ ಹಸಿರು ಇಳಕಲ್ಲ ಸೀರೆ, ಖಣ. ಅತ್ತೆ ಚಹಾ ಕೊಟ್ಟಳು. ಕಪ್ಪು ಕೆಳಗಿಡುವ ಮೊದಲೇ ಹೇಳಿಬಿಟ್ಟಳು.

"ಹೆಣ್ಣ ಐತ್ರಿ. ಹೆಣ್ಣಿಗ್ಯಾಕ ಇಷ್ಟೆಲ್ಲಾ ಗದ್ದಲ? ಮುಂದಿನ ಸರ್ತಿ ಮಾಡಿದ್ರಾತು."

"ಅಕ್ಕಾರ, ಚೊಚ್ಚಲ ಬಸರ ಐತಿ," ಎಂದಳು ನನ್ನ ತಾಯಿ. "ಐದ ಮಂದಿ ಮುತ್ತೈದೇರನ್ನ ಕರದ್ರ ಸಾಕ್ರಿ. ಅಡಗಿ ನಾನ ಮಾಡ್ತೀನಿ."

"ಯಾರನ್ನೂ ಕರದಿಲ್ರಿ. ಈಗೇನ ಮಾಡೂದೈತಿ?"

ಸಂತೆಯಲ್ಲಿ ಬದನೆಕಾಯಿಗೂ ಜಗಳ ತೆಗೆಯುವ ಹೆಂಗಸು ನನ್ನ ತಾಯಿ. ಅಂದು ಮಗಳ ಮನೆಯೆಂದು ಬಾಯಿ ಮುಚ್ಚಿಕೊಂಡಳು. ಸೀರೆಯನ್ನು ಮೊದಲಿನ ಮಡಿಕೆಯ ಮೇಲೆಯೇ ಮಡಚಿ ಚೀಲಕ್ಕೆ ಹಾಕಿಕೊಂಡಳು. ನನ್ನ ಗಂಡ ಅಲ್ಲಿಯೇ ಕುರ್ಚಿಯ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಅವನಿಗೂ ಒಂದು ಪಾಲು ಸಿಟ್ಟು ತೆಗೆದಿಟ್ಟಿದ್ದೇನೆ, ಆದರೆ ಅವನ ಸಂಗತಿ ಬೇರೆ, ಅವನಿಗೆ ದಿನಾ ಸ್ವಲ್ಪ ಸ್ವಲ್ಪವಾಗಿ ಸಲ್ಲುತ್ತಿರುತ್ತದೆ.

ಹುಟ್ಟಿದ್ದು ಹೆಣ್ಣೇ. ಅರ್ಧಕ್ಕರ್ಧ ಸಾಧ್ಯತೆಯಿದ್ದ ಮಾತು ನಿಜವಾಗಿದ್ದಕ್ಕೆ ಅತ್ತೆ ವರ್ಷಗಟ್ಟಲೆ ಬೀಗಿದಳು. ಮಗಳಿಗೆ ಐದು ವರ್ಷವಾದಾಗ ನನ್ನ ತಾಯಿ ತೀರಿಕೊಂಡಳು. ತನ್ನ ಮಗಳಿಗೆ ಒಂದು ಕುಬಸ ಮಾಡಿಸಲಾಗಲಿಲ್ಲ ಎಂಬ ಮಾತನ್ನು ಆಸ್ಪತ್ರೆಯ ಹಾಸಿಗೆಯಲ್ಲೂ ಆಡಿದ್ದಳಂತೆ. ನನ್ನ ಅಣ್ಣನ ಹೆಂಡತಿ ಆ ಹಸಿರು ಸೀರೆ ತಂದು ನನ್ನ ಕೈಗೆ ಕೊಟ್ಟಳು. ಮರುವರ್ಷ ನಾನು ಎರಡನೆಯ ಸಲ ಬಸುರಾದೆ.

ಅಷ್ಟರಲ್ಲಿ ನಾನು ಮಾದಾಪುರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಮುಂದಿನ ಟೇಬಲ್ ನನ್ನದು. ಬಸುರಿಯರ ಫಾರ್ಮು ತುಂಬಿ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ತಿಳಿಯುವ ಇಚ್ಛೆ ನನಗಿಲ್ಲ ಎಂಬ ಸಾಲಿನ ಕೆಳಗೆ ಸಹಿ ಮಾಡಿಸಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಎಂಬ ಬೋರ್ಡು ನನ್ನ ತಲೆಯ ಮೇಲೆಯೇ ತೂಗುತ್ತಿರುತ್ತದೆ. ಸಹಿ ಮಾಡಿದ ಪೆನ್ನು ಕೆಳಗಿಟ್ಟು "ಬಾಬಾ, ಪಾಪಾ, ಮೇಡಂ?" ಎಂದು ತೆಲುಗಿನಲ್ಲಿ ಗಂಡೋ ಹೆಣ್ಣೋ ಕೇಳುವವರು ದಿನಕ್ಕೆ ನಾಲ್ವರಾದರೂ ಇರುತ್ತಾರೆ. ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳ ಕಾರ್ಡನ್ನು ಕೊರಳಿಗೆ ಹಾಕಿಕೊಂಡವರೂ ಕೇಳುತ್ತಾರೆ. ಯಾವ ಸ್ವೀಟ್ ತರಲಿ, ಹೇಳಿ ಸಾಕು ಎನ್ನುತ್ತಾರೆ. ಡಾಕ್ಟರು ಒಮ್ಮೆಯೂ ಬಾಯಿ ಬಿಟ್ಟವರಲ್ಲ.

ಅತ್ತೆ ಇದನ್ನು ನಂಬಲಿಲ್ಲ. ಎರಡನೆಯ ಬಸಿರಿಗೆ ಎರಡೂವರೆ ತಿಂಗಳಾಗಿತ್ತು. ಪುಂಡಿಪಲ್ಲೆ ಸೋಸುತ್ತ ಕೂತವಳು, "ಈ ಸರ್ತಿನೂ ಮಾರಿ ಹಂಗ ಬಾಡೈತಿ ನೋಡು" ಎಂದಳು. ಬಾಡಿದ ಮುಖವೆಂದರೆ ಆಕೆಯ ಲೆಕ್ಕದಲ್ಲಿ ಹೆಣ್ಣು. ಆಮೇಲೆ ದನಿ ಇಳಿಸಿದಳು. "ನಿಮ್ಮ ಡಾಕ್ಟರನ್ನ ಕೇಳು. ನೀ ಅಲ್ಲೇ ಕೆಲಸಕ್ಕಿದ್ದಾಕಿ, ನಿನಗ ಹೇಳಲಾರದ ಯಾರಿಗೆ ಹೇಳ್ತಾರ? ಮೂರ ತಿಂಗಳದಾಗ ಗೊತ್ತಾದ್ರ ಏನರೆ ಮಾಡಾಕ ಬರ್ತೈತಿ."

ಏನರೆ ಎಂದರೆ ಏನು ಎಂದು ನಾನು ಕೇಳಲಿಲ್ಲ. ಸೊಪ್ಪಿನ ದಂಟು ಮುರಿಯುವ ಕೈ ನಿಲ್ಲಿಸದೆ ಆಡಿದ ಮಾತು ಅದು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಡಾಕ್ಟರು ಹೇಳದೆ ಹೋದರೆ ನನ್ನನ್ನು ಬೇರೆ ಯಾರೋ ಹೇಳುವವರ ಹತ್ತಿರ ಕರೆದುಕೊಂಡು ಹೋಗು ಎಂದು ಮಗನ ಬೆನ್ನು ಬೀಳುತ್ತಾಳೆ, ಮಗ ಇಲ್ಲ ಎನ್ನುವವನಲ್ಲ ಎಂಬ ಹೆದರಿಕೆಯೂ ಆಯಿತು.

ಹನ್ನೆರಡನೆಯ ವಾರದ ಸ್ಕ್ಯಾನ್ ನಮ್ಮ ಸೆಂಟರಿನಲ್ಲೇ ಮಾಡಿಸಿಕೊಂಡೆ. ನಾನೇ ದಿನಾ ಮುಂದೆ ಚಾಚುವ ಫಾರ್ಮನ್ನು ಅಂದು ಬಸುರಿಯರು ಕೂರುವ ಕಡೆ ಕೂತು ಸಹಿ ಮಾಡಿದೆ. ಅದೇ ದಿನ ನಮ್ಮ ರಿಪೋರ್ಟು ಟೈಪ್ ಮಾಡುವ ಹುಡುಗಿಗೆ ಸರ್ಕಾರಿ ಕೆಲಸದ ಆರ್ಡರು ಬಂದಿತ್ತು. ಖುಷಿಗೆ ಎಲ್ಲರಿಗೂ ಒಂದೊಂದು ಡಬ್ಬಿ ಪೇಡೆ ಹಂಚಿದಳು. ಸಂಜೆ ಮನೆಗೆ ಬಂದು ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮುಖ ತೊಳೆಯಲು ಹೋದೆ.

ನಮ್ಮವರಲ್ಲಿ ಗಂಡು ಹುಟ್ಟಿದರೆ ಪೇಡೆ ಹಂಚುತ್ತಾರೆ, ಹೆಣ್ಣು ಹುಟ್ಟಿದರೆ ಜಿಲೇಬಿ. ನನಗೆ ಅದು ಆ ಹೊತ್ತಿಗೆ ತಲೆಯಲ್ಲೇ ಇರಲಿಲ್ಲ. ಹೊರಗೆ ಬಂದಾಗ ಅತ್ತೆ ದೇವರ ಮುಂದೆ ದೀಪ ಹಚ್ಚಿ, ಒಂದು ಪೇಡೆ ನೈವೇದ್ಯಕ್ಕಿಟ್ಟು ಕೈಮುಗಿದು ನಿಂತಿದ್ದಳು. ನನ್ನನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು.

"ಬಾಯಿ ಬಿಟ್ಟ ಹೇಳಿದ್ರ ಜೇಲ ಅಂತೀಯಲ್ಲ, ಹೇಳಬ್ಯಾಡ. ನನಗ ತಿಳೀತು," ಎಂದಳು. "ನಾ ಮೊದಲ ಹೇಳಿದ್ದಿಲ್ಲೇನು?"

ಅದು ಟೈಪಿಂಗ್ ಹುಡುಗಿಯ ಪೇಡೆ ಎಂದು ಹೇಳಲು ಬಾಯಿ ತೆರೆದೆ. ಮಡಚಿದ ಸೀರೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ ನನ್ನ ತಾಯಿಯ ಕೈ ಕಣ್ಣಿಗೆ ಕಟ್ಟಿತು. ಬಾಯಿ ಮುಚ್ಚಿದೆ. ನೀನೇ ತಿಳಿದುಕೊಂಡೆಯಲ್ಲ, ತಿಳಿದುಕೋ. ಹೆಣ್ಣಿಗೆ ಯಾಕೆ ಕುಬಸ ಎಂದ ಬಾಯಿಂದಲೇ ಊರನ್ನೆಲ್ಲ ಕರೆಸಿ, ನಿನ್ನ ಕೈಯಿಂದಲೇ ಹೆಣ್ಣಿಗೆ ಕುಬಸ ಮಾಡಿಸುತ್ತೇನೆ, ಹುಟ್ಟಿದ ದಿನ ಅದೇ ಊರಿನ ಮುಂದೆ ನಿನ್ನ ಮುಖ ನೋಡುತ್ತೇನೆ ಎಂದುಕೊಂಡೆ. ಒಂದು ಸುಳ್ಳನ್ನೂ ಹೇಳದೆ ಇಷ್ಟು ದೊಡ್ಡ ಸೇಡು ಸಿಗುವುದು ನನ್ನ ಪುಣ್ಯವೆಂದೇ ತೋರಿತು.

ಅಲ್ಲಿಂದ ನನ್ನ ರಾಜ್ಯಭಾರ. ಬೆಳಿಗ್ಗೆ ನಾನು ಏಳುವುದರೊಳಗೆ ಕೇಸರಿ ಹಾಲು. ಡಬ್ಬಿಗೆ ಅಂಟಿನುಂಡಿ. ಲಿಂಗಂಪಲ್ಲಿ ಸ್ಟೇಷನ್ನಿನವರೆಗೆ ಸ್ಕೂಟರಿನ ಮೇಲೆ ಬೇಡ, ಕುಲುಕುತ್ತದೆ ಎಂದು ಮಗನಿಗೆ ಬೈದು ಆಟೋ ಗೊತ್ತು ಮಾಡಿಸಿದಳು. ಏನೂ ಬೇಕಿರದಿದ್ದರೂ ಅದು ಬೇಕು ಇದು ಬೇಕು ಎಂದು ಕಾಡಿದೆ. ಮಧ್ಯಾಹ್ನದ ಉರಿಬಿಸಿಲಲ್ಲಿ ಹುಣಸೆ ಚಿಗುರು ಹುಡುಕಿಸಿದೆ. ತಂದ ಮೇಲೆ ವಾಸನೆ ಬರುತ್ತದೆ ಎಂದು ದೂಡಿದೆ. ಆಕೆ ನಗುತ್ತ, "ಹುಡುಗ ಭಾಳ ಹಟಮಾರಿ ಅದಾನ" ಎಂದಳು.

ಏಳನೆಯ ತಿಂಗಳಲ್ಲಿ ಕುಬಸ. ಎರಡನೆಯ ಬಸಿರಿಗೆ ಯಾರೂ ಮಾಡುವುದಿಲ್ಲ, ಆದರೆ ಅತ್ತೆ ಕಾಲೊನಿಯನ್ನೆಲ್ಲ ಕರೆದಳು. ನನಗಾಗಿ ತಂದಿದ್ದ ರೇಷ್ಮೆ ಸೀರೆಯನ್ನು ಬದಿಗಿಟ್ಟು, ತಾಯಿಯ ಹಸಿರು ಇಳಕಲ್ಲ ಉಟ್ಟು ಬಂದು ಕೂತೆ. ಆ ಸೀರೆ ನೋಡಿ ಆಕೆಯ ಮುಖ ಒಂದು ಕ್ಷಣವಾದರೂ ಕಪ್ಪಿಡಬೇಕು ಎಂಬುದು ನನ್ನ ಆಸೆ. ಆಕೆ ಸೆರಗು ಮುಟ್ಟಿ ನೋಡಿದಳು.

"ಚಲೋ ಐತಲ್ಲ. ಯಾವಾಗ ತಗೊಂಡಿ?"

"ನಮ್ಮವ್ವ ತಂದಿದ್ದರೀ."

"ಭಾಳ ಚಲೋ ಐತಿ," ಎಂದು ಅರಿಶಿನದ ಬಟ್ಟಲು ತೆಗೆದುಕೊಂಡಳು. ಆಕೆಗೆ ನೆನಪೇ ಇರಲಿಲ್ಲ. ನನ್ನ ತಾಯಿ ಸಾಯುವವರೆಗೆ ಹೊತ್ತುಕೊಂಡಿದ್ದ ದಿನ ಈಕೆಗೆ ಚಹಾ ಕುಡಿದು ಮರೆತ ದಿನ. ಮೊಣಕಾಲು ನೋವಿನ ಹೆಂಗಸು ಎಲ್ಲರೆದುರಿಗೆ ಬಾಗಿ ನನ್ನ ಪಾದಕ್ಕೆ ಅರಿಶಿನ ಹಚ್ಚುತ್ತಿದ್ದರೆ, ಹಚ್ಚು, ಇನ್ನಷ್ಟು ಬಾಗು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಸುತ್ತಲಿನ ಹೆಂಗಸರು ಅತ್ತೆ ಅಂದರೆ ಹೀಗಿರಬೇಕು ಎಂದರು.

ಈಗ ಉಳಿದದ್ದು ಒಂದೇ. ಕೂಸು ಹೆಣ್ಣಾಗಬೇಕಿತ್ತು. ಪೇಡೆಯ ಡಬ್ಬಿ ಮನೆಗೆ ಬರುವವರೆಗೆ ನನಗೆ ಯಾವುದಾದರೂ ಸರಿಯೆನಿಸಿತ್ತು, ಏಳು ತುಂಬುವಷ್ಟರಲ್ಲಿ ಹೆಣ್ಣೇ ಬೇಕೆಂಬ ಹಟ ಹಿಡಿದಿತ್ತು. ಹುಳಿ ತಿನ್ನಬೇಕೆನಿಸಿದಾಗ ಲೆಕ್ಕ ಹಾಕಿದೆ. ಹೊಸ್ತಿಲಲ್ಲಿ ಕಾಲು ನೋಡಿಕೊಂಡೆ. ಆಕೆಯ ಯಾವ ಹುಚ್ಚು ನಂಬಿಕೆಗೆ ಹಲ್ಲು ಕಡಿಯುತ್ತಿದ್ದೆನೋ ಅದನ್ನೇ ಗುಟ್ಟಾಗಿ ಮಾಡುತ್ತಿದ್ದೆ. ರೈಲಿನ ಹೆಂಗಸರ ಡಬ್ಬಿಯಲ್ಲಿ ಕೂತು ಆ ದಿನ ಆಡಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ: "ಅತ್ತಿ, ಹೆಣ್ಣಿಗೂ ಕುಬಸ ಮಾಡಾಕ ಬರ್ತೈತಿ ನೋಡ್ರಿ. ನಮ್ಮವ್ವ ಕೇಳಿದ್ದೂ ಅಷ್ಟ."

ಈ ಕತೆಯನ್ನು ನಾನು ಯಾರಿಗೂ ಹೇಳುವಂತಿರಲಿಲ್ಲ. ಹೇಳದೆ ಇರಲೂ ಆಗಲಿಲ್ಲ. ಹೀಗಾಗಿ ಮಗಳಿಗೆ ಹೇಳಿದೆ. ಆರು ವರ್ಷದವಳು, ಒಂದನೇ ಕ್ಲಾಸು. ಬೆಳಿಗ್ಗೆ ಸ್ಕೂಲಿಗೆ ಜಡೆ ಹಾಕುವಾಗ ಆಕೆ ನನ್ನ ಮೊಣಕಾಲುಗಳ ನಡುವೆ ಅಲುಗಾಡದೆ ಕೂರುತ್ತಾಳೆ. ನೀ ಹುಟ್ಟೂ ಮೊದಲು ಅಜ್ಜಿ ಹೀಗಂದಿದ್ದಳು, ನಿನಗೆ ಕುಬಸ ಮಾಡಲಿಲ್ಲ, ನಿಮ್ಮ ವಿಜಯಪುರದ ಅಮ್ಮ, ನಮ್ಮವ್ವ, ಅಳುತ್ತ ಹೋದಳು, ಈಗ ಬರುವುದು ತಂಗಿ, ಅಜ್ಜಿಗೆ ಹೇಳಬೇಡ. ಮಗಳು ತನಗೆ ಚಿಕ್ಕದಾದ ಫ್ರಾಕುಗಳನ್ನೆಲ್ಲ ಆರಿಸಿ ಒಂದು ಕಡೆ ಇಟ್ಟಳು. ಅಜ್ಜಿಗೆ ಹೇಳಲೂ ಇಲ್ಲ.

ಹೆರಿಗೆಯಾದದ್ದು ಬೆಳಗಿನ ಹತ್ತು ಗಂಟೆಗೆ. ನರ್ಸಮ್ಮ ಕೂಸನ್ನು ಎತ್ತಿ "ಬಾಬು, ಅಮ್ಮಾ" ಎಂದಳು. ಸರಿಯಾಗಿ ನೋಡಿ ಎಂದು ನಾನು ತೆಲುಗಿನಲ್ಲಿ ಹೇಳಿದೆ. ಆಕೆ ನಕ್ಕುಬಿಟ್ಟಳು. ಹೆಣ್ಣಾದವರು ಹೀಗೆ ಕೇಳುವುದನ್ನು ಕೇಳಿದ್ದೇನೆ, ಗಂಡಾದವರ ಬಾಯಲ್ಲಿ ಇದೇ ಮೊದಲು ಎಂದಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಹೊರಗೆ ಅತ್ತೆ ವಾರ್ಡಿಗೆಲ್ಲ ಪೇಡೆ ಹಂಚುತ್ತಿದ್ದಳು. ವಾಚ್‌ಮನ್ನಿಗೆ, ಕಸ ಗುಡಿಸುವವರಿಗೆ, ಪಕ್ಕದ ಮಂಚದ ಮೂರನೆಯ ಹೆಣ್ಣು ಹೆತ್ತವಳಿಗೂ. ಮೂರು ತಿಂಗಳಿಗೇ ಹೇಳಿದ್ದೆ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ಎರಡನೆಯ ದಿನ ತಡೆಯಲಾಗಲಿಲ್ಲ.

"ಆ ಪೇಡೆ ನಮ್ಮ ಆಫೀಸಿನ ಹುಡುಗಿ ಕೊಟ್ಟಿದ್ಲರಿ. ನನಗ ಏನೂ ಗೊತ್ತಿರಲಿಲ್ಲ."

"ನಿನಗೆಲ್ಲೆ ಗೊತ್ತಿರ್ತೈತಿ?" ಎಂದಳು ಅತ್ತೆ. "ನನಗ ಗೊತ್ತಿತ್ತು."

"ಮೊದಲನೇ ಸರ್ತಿ ನಮ್ಮವ್ವ ಹಸರ ಸೀರಿ ತಗೊಂಡ ಬಂದಿದ್ಲು. ನೀವು ಕುಬಸ ಬ್ಯಾಡ ಅಂತ ತಿರುಗಿ ಕಳಿಸಿದ್ರಿ."

"ನಾನು? ಯಾವಾಗ?" ಎಂದು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದಳು. ಅಷ್ಟರಲ್ಲಿ ಕೂಸು ಮುಲುಗಿತು. ಎತ್ತಿಕೊಂಡು ಕಿಟಕಿಯ ಕಡೆ ಹೋದಳು. ಏಳು ವರ್ಷ ಕಾಪಾಡಿಕೊಂಡು ಬಂದ ನನ್ನ ಮಾತು ಹೀಗೆ ಬಿದ್ದು ಹೋಯಿತು.

ಸಂಜೆ ಗಂಡ ಮಗಳನ್ನು ಕರೆತಂದ. ಅತ್ತೆ ಅವನೊಡನೆ ಹೊರಗೆ ಚಹಾಕ್ಕೆ ಹೋದಳು. ಮಗಳು ತೊಟ್ಟಿಲ ಬಳಿ ನಿಂತು ಕೂಸನ್ನು ಬಹಳ ಹೊತ್ತು ನೋಡಿದಳು. ಅದು ಹಸಿದು ಅಳುತ್ತಿತ್ತು. ನಾನು ಗೋಡೆಯ ಕಡೆ ಹೊರಳಿ ಮಲಗಿದ್ದೆ.

"ಮಮ್ಮಿ, ನೀ ಇವನ್ನ ಯಾಕ ಎತ್ತಿಕೊಳ್ಳಾಕತ್ತಿಲ್ಲ?"

"ಹೊಟ್ಟಿ ನೋಯಾಕತ್ತೈತಿ."

ಆಕೆ ತಮ್ಮನ ಬಟ್ಟೆ ಸರಿಮಾಡುತ್ತ ಹೇಳಿದಳು. "ಅಜ್ಜಿಗೆ ನಾ ಬ್ಯಾಡಾಗಿದ್ದೆ. ನಿನಗ ಇಂವ ಬ್ಯಾಡ. ಹೌದಲ್ಲ?"

ದೂರುವ ದನಿಯಲ್ಲ. ಕ್ಲಾಸಿನಲ್ಲಿ ಕಲಿತದ್ದನ್ನು ಮನೆಗೆ ಬಂದು ಒಪ್ಪಿಸುವ ದನಿ. ಅಜ್ಜಿಗೆ ತಾನು ಬೇಡವಾಗಿದ್ದೆ ಎಂಬುದನ್ನು ಆಕೆಗೆ ಅಜ್ಜಿ ಹೇಳಿರಲಿಲ್ಲ. ಅಜ್ಜಿ ಅದನ್ನು ಯಾವತ್ತೋ ಮರೆತಿದ್ದಳು. ದಿನಾ ಬೆಳಿಗ್ಗೆ ಜಡೆಯ ಜೊತೆಗೆ ಹೆಣೆದು ಹೆಣೆದು ಹೇಳಿಕೊಟ್ಟವಳು ನಾನು.

ಎದ್ದು ಕೂತೆ. ಕೂಸನ್ನು ಕೊಡು ಎಂದೆ. ಆಕೆ ಎರಡೂ ಕೈಯಿಂದ ಎತ್ತಿ ಜೋಪಾನವಾಗಿ ಕೊಟ್ಟಳು. ಹಾಲು ಕುಡಿಸುತ್ತ ಇನ್ನೊಂದು ಕೈಯಿಂದ ಆಕೆಯನ್ನು ಹತ್ತಿರ ಎಳೆದುಕೊಂಡೆ. ಅತ್ತೆಯ ಮೇಲಿನ ಸಿಟ್ಟು ಆ ದಿನವೂ ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಆದರೆ ಆಕೆ ಒಬ್ಬಳ ಮೇಲೆ ಇದ್ದ ಸಿಟ್ಟು ಅಂದಿನಿಂದ ಇಬ್ಬರು ಹೆಂಗಸರ ಮೇಲಿದೆ.