ಪುಲ್ಲಿ ಬದಲಿಸಿದ್ದು ಯಾರು?

“ಭಯ್ಯಾ, ರುಕೋ!” ನಿಲ್ಲಿಸು ಎಂದು ಮೆಕ್ಯಾನಿಕ್‌ಗೆ ಕೂಗಿದೆ. ದೆಹಲಿಯ ಹೌಜ್ ಖಾಸ್‌ನಲ್ಲಿ ನನ್ನವರ ಮೇಲಧಿಕಾರಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಅಂಗಳದಲ್ಲಿ ಆತ ಅಧಿಕಾರಿಯ ವಿದೇಶಿ ಕಾರಿನಲ್ಲಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್‌ನ ಬೆಲ್ಟ್ ಚಕ್ರವನ್ನು, ಅಂದರೆ ಪುಲ್ಲಿಯನ್ನು, ಸುತ್ತಿಗೆಯಿಂದ ಬಡಿದು ಕಳಚಲು ಹೊರಟಿದ್ದ. ಹಾಗೆ ಬಡಿದರೆ ಒಳಗಿನ ಬೇರಿಂಗೇ ಹಾಳಾಗುತ್ತದೆ. ಮದುವೆಗೆ ಮುಂಚೆ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವಳು ನಾನು. ಪುಲ್ಲಿಯನ್ನು ಹಿಡಿದೆಳೆಯುವ ಪುಲ್ಲರ್ ಎಂಬ ಸಾಧನ ತರಿಸಿ ಹಳೆಯದನ್ನು ಎಳೆದು ತೆಗೆದೆ. ಹೊಸದನ್ನು ಕೂರಿಸಿ, ಬೆಲ್ಟ್ ಹಾಕಿದೆ. ಎಂಜಿನ್ ಹದವಾಗಿ ಓಡಿತು.

ಅಧಿಕಾರಿ ಖುಷಿಯಿಂದ ನನ್ನವರ ಕೈ ಕುಲುಕಿದರು. “ಅಚ್ಛಾ, ಇದೆಲ್ಲ ಇವರಿಗೆ ನೀವೇ ಹೇಳಿಕೊಟ್ಟಿದ್ದು ಅಲ್ವೇನ್ರೀ?”

ಸ್ಟೆಪ್ನಿ ಬದಲಿಸಲೂ ಬಾರದ ನನ್ನವರು ನನ್ನ ಕಡೆ ನೋಡದೆ ನಕ್ಕರು. “ಹೌದು ಸರ್, ಸ್ವಲ್ಪ ಸ್ವಲ್ಪ.”

ಈಗ ನೆಂಟರ ಮುಂದೆ ಅವರು ಈ ಪ್ರಸಂಗ ಹೇಳುವಾಗ, ಪುಲ್ಲಿ ಬದಲಿಸಿದವರೂ ಅವರೇ. ತಿದ್ದುವುದನ್ನು ನಾನು ಬಿಟ್ಟಿದ್ದೇನೆ.