ದುಬಾರೆಯಿಂದ ತಂದ ಕೊರಡು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಬೇಸಿಗೆಯ ಒಂದು ಬೆಳಿಗ್ಗೆ ಕುಶಾಲನಗರದಲ್ಲಿ ಸಿದ್ದಾಪುರದ ಬಸ್ಸು ಹತ್ತಿದೆ. ಆ ದಾರಿಯ ದುಬಾರೆ ಆನೆ ಶಿಬಿರದಲ್ಲಿ ಮರ ಎಳೆಯುವ ಆನೆಗಳ ಸರಪಳಿ ಸವೆದಿತ್ತು. ಅಲ್ಲೇ ಹೋಗಿ ಹೊಸ ಕೊಂಡಿ ಬೆಸೆದುಕೊಡಬೇಕಿತ್ತು. ನಾನು ಕಮ್ಮಾರ. ಹದಿನೆಂಟು ವರ್ಷದ ಕುಲುಮೆ ನನ್ನ ಸೊಂಟವನ್ನು ತಿಂದುಹಾಕಿತ್ತು. ಇದೊಂದು ಕೆಲಸ ಮುಗಿಸಿ ಇನ್ನು ಸುತ್ತಿಗೆ ಮುಟ್ಟುವುದಿಲ್ಲ ಎಂದು ಅವ್ವನಿಗೆ ಹೇಳಿಯೇ ಹೊರಟಿದ್ದೆ. ಮುಂದೆ ಹೊಟ್ಟೆಪಾಡಿಗೇನು ಎಂದು, ದೇವರಾಣೆಗೂ ಯೋಚಿಸಿರಲಿಲ್ಲ.

ಒಂಬತ್ತು ಮೈಲಿ, ಆರಾಣೆ ಟಿಕೆಟ್ಟು. ರಸ್ತೆಯ ಒಂದೊಂದು ಗುಂಡಿಯೂ ಸೊಂಟಕ್ಕೇ ಬಡಿಯಿತು. ಕಬ್ಬಿಣ ಬಡಿಯುವ ಅಡಿಗಲ್ಲು, ಗಾಳಿ ಊದುವ ತಿದಿ ಎಲ್ಲ ತೆಪ್ಪಕ್ಕೆ ಹಾಕಿ ಕಾವೇರಿ ದಾಟಿದೆ. ಆಚೆ ದಡದಲ್ಲಿ ಮಾವುತ ಗಫೂರ್ ಸಾಬರು ಬೆಲ್ಲದ ಕಾಫಿ ಹಿಡಿದು ನಿಂತಿದ್ದರು.

ಅಡಿಗಲ್ಲು ಕೂರಿಸಲು ಅವರು ಕೊಟ್ಟ ತೇಗದ ಕೊರಡು ನನ್ನ ಮನೆಯದಕ್ಕಿಂತ ಗೇಣುದ್ದ ಎತ್ತರ! "ಇದನ್ನ ಕುಯ್ಸಿ ಕೊಡಿ ಸಾಬರೇ, ಇದರ ಮೇಲೆ ಯಾವನು ಬಡೀತಾನೆ?" ಎಂದು ರೇಗಿದೆ.

"ಗರಗಸ ಕಾಡಿಗೆ ಹೋಗಿದೆ ಆಚಾರ್ರೇ, ಬರೋದು ಸಂಜೆಗೆ. ಇವತ್ತೊಂದಿನ ಸುಧಾರಿಸ್ಕೊಳ್ಳಿ."

ಗೊಣಗುತ್ತಲೇ ಶುರುಮಾಡಿದೆ. ಮಧ್ಯಾಹ್ನ ಅವ್ವ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿ ಕೂತಾಗ ಹೊಳೆಯಿತು, ಸೊಂಟ ನೋಯುತ್ತಿಲ್ಲ! ಸಾಬರಿಗೆ ಹೇಳಿದೆ.

"ಮನೇಲಿ ಕೊರಡು ಎಷ್ಟೆತ್ತರ?"

ಮೊಣಕಾಲು ಮುಟ್ಟಿ ತೋರಿಸಿದೆ. ನೆಟ್ಟವರು ಅಪ್ಪ. ಅಪ್ಪ ನನ್ನ ಭುಜಕ್ಕೆ ಬರುತ್ತಿದ್ದರು, ಅಷ್ಟೇ.

"ಒಂದು ಆನೆ ಸರಂಜಾಮು ಇನ್ನೊಂದಕ್ಕೆ ನಾವು ಹಾಕಲ್ಲ, ಮೈ ಹುಣ್ಣಾಗುತ್ತೆ. ನೀವೇನು ಆನೆಗಿಂತ ಕಡೆನಾ?" ಎಂದು ನಕ್ಕರು.

ನನಗೆ ನಗು ಬರಲಿಲ್ಲ, ಕಣ್ಣು ತುಂಬಿತು. ಅಪ್ಪ ನೆಟ್ಟಿದ್ದು ಅಂತ ವರ್ಷಾ ವರ್ಷಾ ಆಯುಧಪೂಜೆಗೆ ಕುಂಕುಮ ಹಚ್ಚಿ ಕೈಮುಗಿದೆನೇ ಹೊರತು, ಅಳತೆ ನೋಡುವ ಬುದ್ಧಿ ಬರಲಿಲ್ಲವಲ್ಲ!

ಮೂರನೇ ದಿನ ಕೆಲಸ ಮುಗಿಯಿತು. ಕೊರಡನ್ನು ಕೇಳಿ ಪಡೆದೆ. "ನೀವು ಬಗ್ಗಬೇಡಿ" ಎಂದು ಸಾಬರೇ ಹೊತ್ತು ತೆಪ್ಪಕ್ಕಿಟ್ಟರು, ರಸ್ತೆವರೆಗೂ ಬಂದು ಬಸ್ಸಿಗೆ ಏರಿಸಿದರು. ಆ ಪುಣ್ಯಾತ್ಮರನ್ನು ನೆನೆಯದ ದಿನವಿಲ್ಲ.

ಮನೆಗೆ ಬಂದವನೇ ಹಳೆಯದನ್ನು ಅಗೆಯತೊಡಗಿದೆ. "ನಿಮ್ಮಪ್ಪ ನೆಟ್ಟಿದ್ದನ್ನ ಕೀಳ್ತೀಯೇನೋ?" ಎಂದು ಅವ್ವ ಕೂಗಾಡಿದಳು. ಕುಳಿ ಮುಚ್ಚಿ ಹೊಸ ಕೊರಡು ಕೂರಿಸಿ, ಬೆಂಕಿ ಮಾಡಿ, ಒಂದು ಗುದ್ದಲಿ ಬಡಿಯತೊಡಗಿದೆ. ಅವ್ವ ಬಾಗಿಲಲ್ಲೇ ನಿಂತು ನೋಡಿದಳು, ಬಹಳ ಹೊತ್ತು.

"ಇಷ್ಟು ವರ್ಷ ಬಗ್ಗಿದ ಬೆನ್ನೇ ಕಾಣ್ತಿತ್ತು. ಈಗ ಕೆಲಸ ಮಾಡೋವಾಗ ನಿನ್ನ ಮುಖ ಕಾಣ್ತದೆ ಕಣೋ," ಎಂದವಳು ಸೆರಗು ಸಿಕ್ಕಿಸಿಕೊಂಡು ತಿದಿ ಒತ್ತಲು ಕೂತಳು.