ಉಯಿಲಿನ ಕೆಳಗಿನ ಕೊಕ್ಕೆ

ಇದರಲ್ಲಿ ಕೆಲವು ವಿವರ ನನಗೆ ತಪ್ಪಾಗಿ ನೆನಪಿರಬಹುದು. ಆ ಬೆಳಿಗ್ಗೆ ಜಪಾನಿನ ತ್ಸುಕುಬಾದಲ್ಲಿ ಮಂಜು ಕವಿದಿತ್ತೆಂದು ದಿನಚರಿಯಲ್ಲಿ ಬರೆದಿದ್ದೇನೆ. ಮಂಜಿರಲೇ ಇಲ್ಲ, ಕಿಟಕಿಗೆ ಕುಕ್ಕರಿನ ಹಬೆ ಹಿಡಿದಿತ್ತು ಎನ್ನುತ್ತಾನೆ ನನ್ನ ಗಂಡ. ಇರಬಹುದು.

ಅವನು ಅಮೆರಿಕದವನು. ಅವನ ತಾಯಿ ಪೆನ್ಸಿಲ್ವೇನಿಯಾದಲ್ಲಿ ಕೂತು ವರ್ಷಗಳಿಂದ ತಮ್ಮ ತವರಿನ ವಂಶಾವಳಿಯ ಪುಸ್ತಕ ಬರೆಯುತ್ತಿದ್ದರು. ಅದರ ಬುಡದಲ್ಲಿ ಐರ್ಲೆಂಡಿನ ಒಬ್ಬ ನೇಕಾರ. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ, ಹಡಗಿನ ಪ್ರಯಾಣಕ್ಕೆ ಬದಲಾಗಿ ವರ್ಷಗಟ್ಟಲೆ ದುಡಿಯುತ್ತೇನೆಂದು ಕರಾರು ಬರೆದುಕೊಟ್ಟು ಬಂದವನು. ಅಕ್ಷರ ಬಾರದ್ದರಿಂದ ಸಹಿಯ ಜಾಗದಲ್ಲಿ ಕೊಕ್ಕೆಯಂಥ ಗುರುತು ಎಳೆದಿದ್ದ. ಅತ್ತೆಗೆ ಮಾವನಿಗಿಂತ ಅವನ ಮೇಲೇ ಪ್ರೀತಿ ಜಾಸ್ತಿ ಎಂದು ಮನೆಯಲ್ಲಿ ತಮಾಷೆ.

ನಾನು ಇತಿಹಾಸ ಓದಿದವಳೆಂದು ಅತ್ತೆ ಹಳೆಯ ಕೈಬರಹದ ಪ್ರತಿಗಳನ್ನು ನನಗೆ ಕಳಿಸುತ್ತಿದ್ದರು. ನಾನು ಅವುಗಳಲ್ಲಿ ತೇಲುತ್ತಿದ್ದೆ. ಹೊರಗೆ ಗಿಂಕ್ಗೊ ಮರದ ಎಲೆಗಳು ಉದುರುತ್ತಿದ್ದವು. ಕಾಗದದೊಳಗೆ ಯಾರೋ ಹೊಳೆ ದಾಟುತ್ತಿದ್ದರು.

ತೊಂದರೆ ಹೆಸರಿನದು. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವುದು ಅವರ ರೂಢಿ. ನನ್ನ ತವರಿನಲ್ಲೂ ಅಜ್ಜನ ಹೆಸರಿನ ಮೊಮ್ಮಕ್ಕಳು ಮೂವರು. ದಪ್ಪಣ್ಣ, ಕುಳ್ಳಣ್ಣ, ಹುಬ್ಬಳ್ಳಿ ಅಣ್ಣ ಎಂದು ನಿಭಾಯಿಸಿದ್ದೆವು. ಈಚಿನ ತಲೆಮಾರುಗಳಲ್ಲಿ ಒಬ್ಬೊಬ್ಬನೇ ಮಗ ಹುಟ್ಟುತ್ತಾ ಬಂದ ಮನೆಯ ಅತ್ತೆಗೆ ಆ ಅಭ್ಯಾಸವಿರಲಿಲ್ಲ. ನೇಕಾರನ ಹೆಸರಿದ್ದ ಕಾಗದಗಳೆಲ್ಲ ಅವನೊಬ್ಬನವೇ ಎಂದುಕೊಂಡುಬಿಟ್ಟಿದ್ದರು.

ಆ ಬೆಳಿಗ್ಗೆ ನಾನು ತೆರೆದದ್ದು ಅದೇ ಹೆಸರಿನವನ ಒಂದು ಉಯಿಲು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಮಗ್ಗ, ಹಸು ತಂಗಿಗೆ; ಕೋಟು ತನ್ನದೇ ಹೆಸರಿನ ದೊಡ್ಡಪ್ಪನ ಮಗನಿಗೆ. ಕೆಳಗೆ ಅದೇ ಕೊಕ್ಕೆ.

ಎಂದರೆ ಕರಾರಿನ ನೇಕಾರ ಸಂತಾನವಿಲ್ಲದೆ ಸತ್ತಿದ್ದ. ಅತ್ತೆಯ ಮೂಲಪುರುಷ ಬಹುಶಃ ಆ ಕೋಟು ತೊಟ್ಟವನು. ಅವನ ಬಗ್ಗೆ ನಮಗೇನೂ ಗೊತ್ತಿಲ್ಲ.

ರಜೆಯಾದ್ದರಿಂದ ಮಗಳು ಟೋಸ್ಟ್ ಕಚ್ಚುತ್ತಾ ಇಣುಕಿದಳು. "ಅಮ್ಮಾ, ಮತ್ತೆ ಡೆಡ್ ಪೀಪಲ್ಲಾ?"

"ಇವ್ನು ನಿಮ್ಮಜ್ಜಿ ವಂಶದ ಮೂಲಪುರುಷ ಅಲ್ಲ ಅನ್ಸತ್ತೆ ಕಣೇ."

"ಎ, ಉಸೋ!" ನಂಬಲಾಗದ್ದಕ್ಕೆಲ್ಲ ಅವಳದು ಅದೇ ಜಪಾನಿ ಉದ್ಗಾರ. "ಗ್ರ್ಯಾಂಡ್‌ಮಾಗೆ ಹೇಳ್ಬೇಡ. ಬುಕ್ ನೆಕ್ಸ್ಟ್ ವೀಕ್ ಪ್ರಿಂಟ್ ಆಗತ್ತೆ. ಶೀ ವಿಲ್ ಕ್ರೈ."

"ಹೇಳ್ದೆ ಇರಕ್ಕಾಗತ್ತಾ?"

"ಯೂ ಕುಡ್ ಬಿ ರಾಂಗ್. ನೀನು ನನ್ ಬರ್ತ್‌ಡೇನೇ ಮರ್ತಿದ್ದೆ."

ಅದು ನಿಜ. ಎರಡೂ ಕೊಕ್ಕೆ ಒಂದೇ ಆಗಿರಲಿ ಎಂಬ ಆಸೆಯಿಂದ ನೋಡಿದೆನೋ? ಮತ್ತೆ ನೋಡಿದೆ, ಮಧ್ಯಾಹ್ನ ಇನ್ನೊಮ್ಮೆ. ಬಾಲದ ತುದಿಯಲ್ಲಿ ಲೇಖನಿ ತಡವರಿಸಿದ ಜಾಗವೂ ಒಂದೇ.

ಅವೆರಡನ್ನೂ ಪಕ್ಕಪಕ್ಕ ಇಟ್ಟು, ಕಂಡದ್ದನ್ನು ಬರೆದು ಅತ್ತೆಗೆ ಕಳಿಸಿದೆ. ಅವರು ಈಗಲೂ ಕರೆ ಮಾಡುತ್ತಾರೆ. ಅಳಿಲುಗಳ ಬಗ್ಗೆ, ಮೊಣಕಾಲಿನ ಬಗ್ಗೆ ಹೇಳುತ್ತಾರೆ. ಪುಸ್ತಕ ಅಚ್ಚಿಗೆ ಹೋಯಿತೋ ಇಲ್ಲವೋ ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನಾನು ಕೇಳಿದ್ದು ಅಂದಿನ ಪತ್ರದ ಕೊನೆಯಲ್ಲಿ, ಒಂದೇ ಮಾತು: "ಅವನಿಂದ ನೀವು ಬಂದಿಲ್ಲ ಎಂದಾದರೆ ಅತ್ತೆ, ಈಗ ಅವನು ನಿಮಗೆ ಯಾರು?"